ಹತ್ತನೆಯ ಹೆಸರು

ಮಡಿಕೇರಿಯ ಹಳೇ ಬಸ್‌ಸ್ಟ್ಯಾಂಡಿನ ಹತ್ತಿರ, ಬೇಕರಿಯ ಮಹಡಿಯಲ್ಲಿ,
ಹದಿನಾರು ಲಾಡ್ಜುಗಳ ಲೆಕ್ಕ ಬರೆಯುತ್ತೇನೆ.
ಬನ್ನು ಬೇಯುವ ವಾಸನೆಯಲ್ಲೇ ಜಿಎಸ್‌ಟಿ,
ಬನ್ನು ಬೇಯುವ ವಾಸನೆಯಲ್ಲೇ ಪಿಎಫ್.
ಹಸಿವಾದಾಗ ಅಂಕಿ ತಪ್ಪುತ್ತದೆ, ಅಷ್ಟೇ.

ದೇಚಮ್ಮ ಬಂದದ್ದು ಪುತ್ತರಿ ಕಳೆದ ಮೇಲೆ.
ಕೈಯಲ್ಲಿ ಹಾಜರಿ ಪುಸ್ತಕ,
ಅದರ ನಡುವೆ ಗುರುತಿಗೆಂದು ಸಿಕ್ಕಿಸಿದ ಕರೆಂಟ್ ಬಿಲ್ಲು.
"ಹಾಸಿಗೆ ಬಟ್ಟೆ ಒಗೆಯಲು ಒಬ್ಬಳನ್ನು ಇಟ್ಟುಕೊಂಡೆ,
ಸುಂಟಿಕೊಪ್ಪದವಳು, ರುಕಿಯಾ. ಹೆಸರು ಸೇರಿಸಿ."

ಬೆರಳಿಟ್ಟು ಎಣಿಸಿದೆ.
ಅಡುಗೆಯ ಸೆಲ್ವಿ, ಗೇಟಿನ ಪೊನ್ನಪ್ಪ, ರೂಮಿನ ಹುಡುಗರು ನಾಲ್ವರು,
ಕೌಂಟರಿನ ಲವೀನಾ, ಹೂಗಿಡಗಳ ಬೆಳ್ಳಿ, ಡ್ರೈವರ್ ಉತ್ತಯ್ಯ.
ಒಂಬತ್ತು.
"ಅಕ್ಕ, ಇವಳು ಹತ್ತನೆಯವಳು" ಅಂದೆ,
ಡಾಕ್ಟರು ಎಕ್ಸ್‌ರೇ ಎತ್ತಿ ಹಿಡಿದು ಮಾತಾಡುವ ದನಿಯಲ್ಲಿ.

ಹತ್ತಾದರೆ ಇಎಸ್‌ಐ.
ನೂರಕ್ಕೆ ಮೂರೂಕಾಲು ನಿಮ್ಮದು, ಮುಕ್ಕಾಲು ಅವರದು.
ಎಲ್ಲರ ಸಂಬಳ ಕೂಡಿದರೆ ಲಕ್ಷದ ಇಪ್ಪತ್ತು ಸಾವಿರ,
ತಿಂಗಳಿಗೆ ನಿಮ್ಮ ಪಾಲು ಮೂರು ಸಾವಿರದ ಒಂಬೈನೂರು.
ಕಾಯಿಲೆ ಬಿದ್ದರೆ ಅವರಿಗೆ ಆಸ್ಪತ್ರೆ.
ಎರಡು ವರ್ಷ ಕಟ್ಟಿದ ಮೇಲೆ ಕೆಲಸ ಹೋದರೆ
ಮೂರು ತಿಂಗಳು ಅರ್ಧ ಸಂಬಳ.

ದೇಚಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು.
"ಕಕ್ಕಡದಲ್ಲಿ ಮದ್ದುಸೊಪ್ಪು ಸಿಗುತ್ತದೆ, ಗಿರಾಕಿ ಸಿಗುವುದಿಲ್ಲ.
ಆಗಲೂ ಕಟ್ಟಬೇಕಾ?"
ಕಟ್ಟಬೇಕು.
"ಬ್ಯಾಂಕಿನ ಕಂತಿಗೆ ರಜೆಯಿಲ್ಲ. ಜನರೇಟರಿನ ಬಾಯಾರಿಕೆ ತೀರುವುದಿಲ್ಲ.
ನಾನಾಗಿ ಯಾರನ್ನೂ ಹೋಗು ಅನ್ನುವವಳಲ್ಲ, ನಿಮಗೆ ಗೊತ್ತು.
ಗುಡ್ಡ ಕೂತರೆ, ರಸ್ತೆ ಹೋದರೆ ಇವರ ಕೆಲಸ ಹೋಗುತ್ತದೆ.
ಗುಡ್ಡ ನನ್ನದಾ? ರಸ್ತೆ ನನ್ನದಾ?
ಎಲ್ಲರ ಹತ್ತಿರ ತೆರಿಗೆ ಎತ್ತುವವರು
ಈ ಭಾರವನ್ನೂ ಎತ್ತಲಿ."

ನ್ಯಾಯದ ಮಾತೇ ಅನ್ನಿಸಿತು.
ಆ ನ್ಯಾಯದ ಮಾತಿಗೆ ನನ್ನಲ್ಲೊಂದು ಕಳ್ಳ ಉತ್ತರವಿತ್ತು:
ಹೆಸರು ಪುಸ್ತಕಕ್ಕೆ ಬೇಡ, ವೋಚರಿನಲ್ಲಿರಲಿ,
'ಬಟ್ಟೆ ಒಗೆತದ ಬಾಬ್ತು.'
ಒಬ್ಬ ಹೆಂಗಸನ್ನು ಖರ್ಚಿಗೆ ಹಾಕಲು
ಒಂದು ಗೆರೆ ಸಾಕು, ಒಂದು ರೆವಿನ್ಯೂ ಸ್ಟಾಂಪು.
ನನ್ನ ಫೀಸು ಐನೂರು.

ಮೂರನೆಯ ಕಕ್ಕಡದಲ್ಲಿ ಕಾಟಕೇರಿಯ ಕಡೆ ರಸ್ತೆ ಕುಸಿಯಿತು.
ಪ್ರವಾಸಿಗರು ಬರಬಾರದೆಂದು ಆದೇಶ.
ಹದಿನೈದು ದಿನ ಕಾದು ದೇಚಮ್ಮ ಬೀಗ ಹಾಕಿದಳು,
ಅಳುತ್ತಲೇ ಹಾಕಿದಳಂತೆ.

ಒಂಬತ್ತು ಜನ ನನ್ನ ಮೆಟ್ಟಿಲು ಹತ್ತಿ ಬಂದರು,
ಚಪ್ಪಲಿಯನ್ನು ಬೇಕರಿಯ ಮುಂದೆಯೇ ಬಿಟ್ಟು.
ಕುಶಾಲನಗರದ ಕಾರ್ಖಾನೆಯಲ್ಲಿದ್ದ ಭಾವನಿಗೆ
ಕೆಲಸ ಹೋದ ಮೇಲೂ ದುಡ್ಡು ಬಂತು,
ನಮಗೂ ಬರುತ್ತದಲ್ಲ ಅಂತ ಪೊನ್ನಪ್ಪ.
"ಬರಲ್ಲ. ನೀವು ಒಂಬತ್ತೇ ಜನ" ಅಂದೆ.
"ರುಕಿಯಾ ಸೇರಿದರೆ ಹತ್ತಲ್ಲವಾ?" ಅಂದಳು ಸೆಲ್ವಿ.
ದಿನಾ ಹತ್ತು ತಟ್ಟೆಗೆ ಬಡಿಸಿದವಳು.

ರುಕಿಯಾ ಬಂದಿರಲಿಲ್ಲ.
ಒಣಗಿಸಲೆಂದು ಮನೆಗೆ ಒಯ್ದಿದ್ದ ಎರಡು ಹೊದಿಕೆಗಳನ್ನು
ಮಡಿಸಿ ಸೆಲ್ವಿಯ ಕೈಯಲ್ಲಿ ಕಳಿಸಿದ್ದಳು.
ಅವು ಈಗ ನನ್ನ ಮೇಜಿನ ಮೇಲೆ,
ಲಾಡ್ಜಿನ ಹೆಸರಿರುವ ಅಂಚು ಮೇಲೆ ಬರುವ ಹಾಗೆ.

ನಮ್ಮಜ್ಜ ಹೇಳುತ್ತಿದ್ದ: ಮುಯ್ಯಾಳಿನಲ್ಲಿ
ಒಂದು ಆಳು ತಪ್ಪಿಸಿದ ಮನೆಗೆ
ನಾಟಿಯ ದಿನ ಯಾರೂ ಬರುವುದಿಲ್ಲ.
ಆ ಮನೆಯವನಿಗೆ ಉಪಾಯ ಹೇಳಿಕೊಟ್ಟವನಿಗೆ ಏನಾಗುತ್ತದೆಂದು
ಅಜ್ಜ ಹೇಳಿರಲಿಲ್ಲ.

ಸಂಜೆ ದೇಚಮ್ಮನ ಫೋನು.
"ಕಟ್ಟಿದ್ದರೆ ಇಷ್ಟು ಹೊತ್ತಿಗೆ ಎಷ್ಟಾಗುತ್ತಿತ್ತು?"
ಮೂವತ್ತು ತಿಂಗಳು. ಲಕ್ಷದ ಹದಿನೇಳು ಸಾವಿರ.
ಅವರಿಗೆ ಬರಬೇಕಾಗಿದ್ದದ್ದನ್ನೂ ಕೂಡಿಸಿಟ್ಟಿದ್ದೆ,
ಲಕ್ಷದ ಎಂಬತ್ತು. ಅದನ್ನು ಹೇಳಲಿಲ್ಲ.
"ಅದೂ ಕಮ್ಮಿಯೇನಲ್ಲ" ಅಂದಳು, ಬಹಳ ಹೊತ್ತಿನ ಮೇಲೆ.
ಅಲ್ಲ, ಅಂದೆ.

ಕೆಳಗೆ ಬೇಕರಿಯವನು ಷಟರ್ ಎಳೆದ.
ಅವನ ಹತ್ತಿರ ಎಷ್ಟು ಜನ ಕೆಲಸಕ್ಕಿದ್ದಾರೆ,
ನಾನು ಇನ್ನೂ ಕೇಳಿಲ್ಲ.