ಸತ್ತ ನೀರಿನ ವಾರ

ಚಂದ್ರ ಅರ್ಧವಾಗುವ ದಿನಗಳ ಕಡಲನ್ನು
ಪೆಂಬಾದಲ್ಲಿ ಸತ್ತ ನೀರು ಅನ್ನುತ್ತೇವೆ.
ಏರುವುದೂ ಅಷ್ಟಕ್ಕಷ್ಟೇ, ಇಳಿಯುವುದೂ ಅಷ್ಟಕ್ಕಷ್ಟೇ.
ಕಡಲಪಾಚಿ ಬೆಳೆಯುವ ಹೆಂಗಸರು ಆ ವಾರ
ನೀರಿಗಿಳಿಯುವುದಿಲ್ಲ; ಹಗ್ಗ ಹೊಸೆಯುತ್ತಾರೆ,
ಮದುವೆಗಳಿಗೆ ಹೋಗುತ್ತಾರೆ.
ನನಗೆ ಕೊಟ್ಟ ಗಡುವೂ ಅದೇ:
ನೀರು ಮತ್ತೆ ಬದುಕುವುದರೊಳಗೆ
ಆ್ಯಪು ಎಲ್ಲರ ಫೋನಿನಲ್ಲಿರಬೇಕು.

ಬರೆದದ್ದು ಒಂದೇ ಸಲ. ಅದು ನನ್ನ ಹೆಮ್ಮೆ.
ಕಟ್ಟಬೇಕಾದ ಪೊಟ್ಟಣ ಮೂರು. ಅದು ನನ್ನ ನಸೀಬು.

ಎಲ್ಲಕ್ಕೂ ಮೇಲೆ ಒಂದು ಕಡತ, ನಲವತ್ತೇ ಸಾಲು.
ಹೆಸರು ಕೇಳಿತು, ಕೊಟ್ಟೆ.
ಗುರುತು ಕೇಳಿತು, ಅದೂ ತಿರುವುಮುರುವಾಗಿ:
ಮೊದಲು ದೇಶ, ಆಮೇಲೆ ಸಂಘ, ಕೊಟ್ಟಕೊನೆಗೆ ಮಗು.
ನಮ್ಮಲ್ಲಿ ಮೊದಲು ಮಗು, ಆಮೇಲೆ ಅಪ್ಪ, ಅಜ್ಜ.
ಒಮ್ಮೆ ಕೊಟ್ಟರೆ ಮತ್ತೆ ಬದಲಿಸುವಂತಿಲ್ಲ ಎಂದಿತ್ತು.
ಮೂರು ಸಲ ಓದಿ ಕೊಟ್ಟೆ.

ಚಿತ್ರ ಕೇಳಿತು, ಹದಿನೆಂಟು ಅಳತೆಗಳಲ್ಲಿ.
ಇವರಿಗೆ ಅಂಚು ದುಂಡಗಿರಬೇಕು, ಅವರೇ ಕತ್ತರಿಸಿಕೊಳ್ಳುತ್ತಾರಂತೆ;
ಅವರಿಗೆ ಬೆನ್ನ ಹಿಂದೆ ಬಣ್ಣವಿರಲೇಬೇಕು.
ಆ್ಯಪು ಇನ್ನೂ ಒಂದು ಸಲವೂ ತೆರೆದುಕೊಂಡಿರಲಿಲ್ಲ.
ಹೊಟ್ಟೆಗೆ ಹಿಟ್ಟಿಲ್ಲ,
ಜುಟ್ಟಿಗೆ ಹದಿನೆಂಟು ಮಲ್ಲಿಗೆ.

ಅನುಮತಿಗಳ ಸಾಲು ಬಂತು.
ಮಾದರಿಯಿಂದ ನಕಲು ಮಾಡಿದ್ದಕ್ಕೆ
ಕ್ಯಾಮೆರಾ, ಮೈಕು, ನಂಬರುಗಳ ಪಟ್ಟಿ
ಕರೆಯದ ಮದುವೆಗೆ ಬಂದವರಂತೆ
ಮುಂದಿನ ಸಾಲಿನಲ್ಲೇ ಕೂತಿದ್ದವು. ಎಬ್ಬಿಸಿ ಕಳಿಸಿದೆ.
ಕಡಲು ಇಳಿಯುವ ಹೊತ್ತು ಹೇಳುವುದಕ್ಕೆ
ಬೀ ಹಾಮಿದಾಳ ದನಿ ಯಾಕೆ ಬೇಕು?

ಕನಿಷ್ಠ ಆವೃತ್ತಿ ಎಂಬಲ್ಲಿ ಒಂದು ಅಂಕಿ ಇಳಿಸಿದೆ.
ಹನ್ನೊಂದು ಹೆಂಗಸರು ಒಳಗೆ ಬಂದರು.
ಇನ್ನೊಂದು ಇಳಿಸಿದೆ. ಬೀ ತಾತು ಬಂದಳು,
ಒಡೆದ ಗಾಜಿನ ಫೋನಿಗೆ ರಬ್ಬರು ಬ್ಯಾಂಡು ಸುತ್ತಿಕೊಂಡು.
ಅವಳೊಬ್ಬಳಿಗೇ ಒಂದು ಪೊಟ್ಟಣ.

ಇನ್ನು ಐಫೋನು. ಇಡೀ ಸಂಘಕ್ಕೆ ಒಂದೇ,
ಬೀ ರೈಯಾಳದ್ದು, ಮಸ್ಕತ್ತಿನ ತಮ್ಮ ಕಳಿಸಿದ್ದು.
ಅದಕ್ಕೆ ಕಟ್ಟಲು ಮ್ಯಾಕ್ ಬೇಕು. ಅದು ಇರುವುದು
ಮುಳುಗು ಕಲಿಸುವ ಎಟ್ಟೋರೆ ಬಳಿ,
ಸಿಗುವುದು ಅವನು ಮಲಗಿದ ಮೇಲೆ.
ಸಹಿ ಕೇಳಿತು. ಸಹಿಯ ಕೀಲಿ ಕೇಳಿತು.
ಕೀಲಿ ನನ್ನದೇ ಎನ್ನುವುದಕ್ಕೆ ಇನ್ನೊಂದು ಕಾಗದ.
ನಡುವೆ ಎರಡು ಸಲ ಕರೆಂಟು ಹೋಯಿತು.
ಕತ್ತಲಲ್ಲಿ, ಬೀದಿಗೆ ಹರವಿದ ಲವಂಗದ ವಾಸನೆ
ಒಳಗೆ ಬಂದು ಕೀಲಿಮಣೆಯ ಮೇಲೆ ಕೂತಿತು.

ನೀರು ಬದುಕಿದ ಬೆಳಗ್ಗೆ ದಂಡೆಯಲ್ಲಿ ಜಗಳ.
ಇಳಿತ ನಾಲ್ಕಕ್ಕೆ, ಅಂತ ಹಾಮಿದಾ.
ಹತ್ತಕ್ಕೆ, ಅಂತ ರೈಯಾ. ಇದು ಮಸ್ಕತ್ತಿನ ಫೋನು ಕಣೇ.
ಹಾಗಾದರೆ ಮಸ್ಕತ್ತಿನ ಕಡಲಿಗೇ ಹೋಗು.

ಇಬ್ಬರದೂ ಸರಿ.
ನಮ್ಮ ಭಾಷೆಯಲ್ಲಿ ದಿನ ಹುಟ್ಟುವುದು ಸೂರ್ಯನ ಜೊತೆಗೆ;
ಲೋಕದ ಏಳು ಗಂಟೆಗೆ ನಾವು ಒಂದು ಅನ್ನುತ್ತೇವೆ.
ಒಂದು ಪೊಟ್ಟಣದಲ್ಲಿ ಭಾಷೆಯ ಸಾಲು ತುಂಬಿದ್ದೆ,
ಇನ್ನೊಂದರಲ್ಲಿ, ನಿದ್ದೆಗಣ್ಣು, ಬಿಟ್ಟುಹೋಗಿತ್ತು.
ನಾನು ಖಾಲಿ ಬಿಟ್ಟಲ್ಲಿ ಲೋಕ
ತನ್ನ ಗಡಿಯಾರ ತಂದಿಟ್ಟುಕೊಂಡಿತ್ತು.

ಮಂಡಿಯುದ್ದ ನೀರಿನಲ್ಲಿ ಇಬ್ಬರೂ ನನ್ನ ಮುಖ ನೋಡಿದರು.
ಯಾರ ಫೋನು ತಿದ್ದಿದರೂ
ಇನ್ನೊಬ್ಬಳು ಸುಳ್ಳಿಯಾಗುತ್ತಾಳೆ.
ಮನೆಗೆ ಬಂದು ಗಂಟೆಯನ್ನೇ ತೆಗೆದುಹಾಕಿದೆ.
ಆ ಜಾಗದಲ್ಲಿ: ನೀರಿಳಿಯಲು ಇನ್ನೆರಡು ತಾಸು.
ಆವೃತ್ತಿ ಒಂದು, ಚುಕ್ಕಿ ಸೊನ್ನೆ, ಚುಕ್ಕಿ ಒಂದು.
ಮತ್ತೆ ಮೂರು ಪೊಟ್ಟಣ, ಮತ್ತೆ ಎಟ್ಟೋರೆಯ ಬಾಗಿಲು.

ಮಾರನೆಯ ಸಂಜೆ ಬೀ ತಾತು ಬಂದಳು.
ಬ್ಯಾಟರಿ ಕಳಚಿ ಹಾಕಿದರೆ ಅವಳ ಫೋನು
ಕಂಪ್ಯೂಟರುಗಳು ಎಣಿಕೆ ಶುರು ಮಾಡಿದ
ಆ ಮೊದಲ ದಿನಕ್ಕೇ ಹಿಂದಿರುಗುತ್ತದೆ.
ಪರದೆ ಹೇಳುತ್ತಿತ್ತು: ನೀರಿಳಿಯಲು ಇನ್ನು
ನಾಲ್ಕು ಲಕ್ಷದ ಎಂಬತ್ತು ಸಾವಿರ ತಾಸು.

ಎರಡು ಸಲ ಓದಿಸಿಕೊಂಡಳು.
ಸರಿ ಹಾಗಾದರೆ, ಅಂದಳು,
ಚಪ್ಪಲಿ ಬಿಟ್ಟು, ಜಗುಲಿಯ ಮೇಲೆ ಕಾಲು ಚಾಚಿದಳು.
ಚಹಾ ಇಡು.