ಮುಳ್ಳು ನಿಂತ ಮೇಲೆ

"ಎರಡು ವಾರ ತಕ್ಕಡಿಯ ಮುಖ ನೋಡಬೇಡಿ"
ಅಂದರು ಆಸ್ಪತ್ರೆಯ ಲವಿನಾ ಮೇಡಂ,
ನನ್ನ ಕಸುಬು ಏನೆಂದು ಕೇಳದೆ.
ಅಂಗಡಿಯಲ್ಲಿ ನಲವತ್ತೊಂದು ತಕ್ಕಡಿ.

ಮಾಮೂಲ್‌ಪೇಟೆ, ಅಡ್ಡರಸ್ತೆ, ಅಪ್ಪನ ಕಾಲದ ಬೋರ್ಡು:
ಎಲ್ಲಾ ತರಹದ ತೂಕದ ಯಂತ್ರ ಸರಿಮಾಡಲಾಗುವುದು.
ಕೆಳಗೆ ಸ್ಟೂಲಿನ ಮೇಲೆ ನಾನು.

ದೀಪಾವಳಿ ಕಳೆದ ಸೋಮವಾರ ಡಾಕ್ಟರು
ನನ್ನ ಸೇರಿನ ಹೊಟ್ಟೆಯನ್ನು ಕತ್ತರಿಸಿ
ಅರೆಪಾವು ಮಾಡಿ ಹೊಲಿದರು.
ನೂರ ಮೂವತ್ತೊಂದು ಕಿಲೋ ಹೊತ್ತು ಹೋದವಳು
ಹಳೇ ಗೋಡೆಯ ಸುಣ್ಣದ ಹಾಗೆ ಉದುರತೊಡಗಿದೆ,
ವಾರಕ್ಕೆ ಮೂರು, ವಾರಕ್ಕೆ ಎರಡು,
ಜೊತೆಗೆ ತಲೆಗೂದಲೂ, ಬಾಚಣಿಗೆ ತುಂಬ.
ಬಳೆ ಜಾರಿ ಬಚ್ಚಲಿಗೆ ಬಿದ್ದ ದಿನ
ನಾದಿನಿ ಕಮಲಾಕ್ಷಿ ಬೀದಿಗೆಲ್ಲ ಹೇಳಿಬಂದಳು.

ಆಮೇಲೆ ನಿಂತಿತು.
ತೊಂಬತ್ತೇಳು ಪಾಯಿಂಟ್ ನಾಲ್ಕು.
ಐದು ವಾರ, ಮೂರು ದಿನ.
ಯುಗಾದಿಗೆ ಉಗುರಿನಷ್ಟು ಹೋಳಿಗೆ, ಅದೂ ಅಗಿದು ಅಗಿದು;
ಬೆಳಿಗ್ಗೆ ಅರ್ಧ ಇಡ್ಲಿಗೆ ಅರ್ಧ ಗಂಟೆ;
ಊಟದ ಜೊತೆ ನೀರಿಲ್ಲ, ನೀರಿನ ಜೊತೆ ಊಟವಿಲ್ಲ;
ಸೀಮೆಸುಣ್ಣ ಕದಡಿದಂತಿರುವ ಆ ಪ್ರೋಟೀನ್ ಪುಡಿ.
ಲಾಲ್‌ಬಾಗಿನಲ್ಲಿ ದಿನಾ ಎರಡು ಸುತ್ತು.
ತೊಂಬತ್ತೇಳು ಪಾಯಿಂಟ್ ನಾಲ್ಕು.
"ಕದ್ದು ತಿಂತಿದ್ದೀಯೇನೇ?" ಕಮಲಾಕ್ಷಿ ಕೇಳಿದಳು,
ಪ್ರೀತಿಯಿಂದಲೇ.

ಒಂದು ರಾತ್ರಿ ಶಟರ್ ಎಳೆದುಕೊಂಡು
ಯಂತ್ರವನ್ನೇ ಪರೀಕ್ಷೆಗೆ ಕೂರಿಸಿದೆ.
ಇಪ್ಪತ್ತು ಕಿಲೋದ ಐದು ಕಬ್ಬಿಣದ ಬಟ್ಟು
ಒಂದರ ಮೇಲೊಂದು: ನೂರು, ಸೊನ್ನೆ, ಸೊನ್ನೆ.
ಸುಳ್ಳು ಹೇಳುತ್ತಿಲ್ಲ.
ಹೇಳಿದ್ದರೆ ಚೆನ್ನಾಗಿತ್ತು.
ಸ್ಕ್ರೂ ಎಲ್ಲಿದೆ ಎಂದು ನನಗೆ ಗೊತ್ತು.

ಹಸಿವು ಹೊಟ್ಟೆಯಲ್ಲಿ ಇಲ್ಲವೇ ಇಲ್ಲ ಈಗ.
ಅದು ಸಂಜೆ ಆರಕ್ಕೆ ಕೈಗೆ ಬರುತ್ತದೆ,
ತಿರುವಿನ ಹೋಟೆಲಿನ ಕಾವಲಿ ಚುಯ್ ಅಂದಾಗ.
ಕೈಗೆ ಸ್ಪ್ಯಾನರ್ ಕೊಡುತ್ತೇನೆ. ಕೆಲವು ದಿನ ಸಾಲುತ್ತದೆ.

ಅಪ್ಪ ಹೇಳುತ್ತಿದ್ದರು:
ಮುಳ್ಳು ನಿಂತರೆ ಕೆಟ್ಟಿತು ಅನ್ನಬೇಡ,
ಮೊದಲು ಒಂದು ಕಾಳು ಹಾಕಿ ನೋಡು.
ನನ್ನಲ್ಲಿ ಎಲ್ಲಿ ಹಾಕಲಿ ಕಾಳು?
ತೋಳಿನ ಚರ್ಮ ಬರಿದಾದ ಚೀಲದಂತೆ ಜೋಲುತ್ತದೆ;
ಒಳಗಿದ್ದವಳು ಎಲ್ಲಿಗೆ ಹೋದಳೆಂದು
ಕೆಲವು ರಾತ್ರಿ ಮುಟ್ಟಿ ನೋಡುತ್ತೇನೆ.

ನಿನ್ನೆ ಮಾರ್ಕೆಟ್ಟಿನಿಂದ ಮುನಿಲಕ್ಷ್ಮಮ್ಮ ಬಂದಳು,
ಬಿಡಿಹೂವಿನ ತಕ್ಕಡಿ ಎತ್ತಿಕೊಂಡು,
"ಇದು ನನ್ನ ಕಡೆ ವಾಲ್ತದೆ, ಗಿರಾಕಿ ಬೈತಾವೆ."
ಹೋದ ಆಯುಧಪೂಜೆಗೆ ದೊಡ್ಡ ಯಂತ್ರದ ಹಾರವನ್ನು
ತಮಾಷೆಗೆ ನನ್ನ ಸೊಂಟಕ್ಕೆ ಸುತ್ತಿದ್ದಳು;
ತುದಿಗಳು ಒಂದನ್ನೊಂದು ಕಂಡಿರಲಿಲ್ಲ.
ಇಬ್ಬರೂ ನಕ್ಕಿದ್ದೆವು. ನಾನು ಸ್ವಲ್ಪ ಕಡಿಮೆ.

"ಏನವ್ವ, ಮಖ ಬಾಡೈತೆ?"
ಸಂಖ್ಯೆ ಹೇಳಿದೆ.
ಅವಳಿಗೆ ಪಾಯಿಂಟ್ ನಾಲ್ಕು ಅರ್ಥವಾಗಲಿಲ್ಲ.
ಬುಟ್ಟಿಯಿಂದ ಕಟ್ಟಿದ ಮಲ್ಲಿಗೆ ತೆಗೆದು,
ಮೊಳಕೈಯಿಂದ ಬೆರಳ ತುದಿಗೆ, ಮೊಳಕೈಯಿಂದ ತುದಿಗೆ,
ಅಂಗಡಿಯ ನಡುವೆ, ಇರ್ಫಾನ್ ಆಚೆ ತಿರುಗಿ ನಿಂತಿರಲು,
ಸೊಂಟ ಅಳೆದಳು.
"ಹೋದ ತಿಂಗಳು ಸೀರೆ ಕುಚ್ಚು ಕಟ್ಟಿಸೋಕೆ ಬಂದಾಗ
ಮೂರು ಮೊಳ ಹಿಡಿದಿತ್ತು. ಈಗ ನೋಡು,
ನಾಲ್ಕು ಬೆರಳು ಮಿಕ್ಕೈತೆ."
"ನಿಜ ಹೇಳ್ತಿದ್ದೀಯಾ, ನನ್ನ ಸಮಾಧಾನಕ್ಕಾ?"
"ಮೊಳ ಹಾಕೋವಾಗ ನಾನು ಯಾವತ್ತು ನಿಜ ಹೇಳಿದೀನಿ?"
ಅಂದು, ಮಿಕ್ಕ ಹೂವನ್ನು ಕತ್ತರಿಸಿ
ನನ್ನ ಉಳಿದ ಕೂದಲಿಗೆ ಸಿಕ್ಕಿಸಿದಳು.
ಅವಳ ತಕ್ಕಡಿ ಸರಿಮಾಡಿಕೊಟ್ಟೆ.
ದುಡ್ಡು ತೆಗೆದುಕೊಳ್ಳಲಿಲ್ಲ.

ಇವತ್ತು ಬೆಳಿಗ್ಗೆ ಮತ್ತೆ ಹತ್ತಿದೆ, ಬರಿಗಾಲಲ್ಲಿ.
ತೊಂಬತ್ತೇಳು ಪಾಯಿಂಟ್ ನಾಲ್ಕು.
ಇಳಿದೆ. ಎರಡು ಗುಟುಕು ನೀರು.
ಯಂತ್ರದ ಮೇಲೆ ಹಳೇ ಟವೆಲ್ ಹೊದಿಸಿದೆ,
ಮಲಗಿದ ಮಗುವಿಗೆ ಹೊದಿಸುವ ಹಾಗೆ,
ಉಳಿದ ನಲವತ್ತರ ಕಡೆ ಬೆನ್ನು ಮಾಡಿ ಕೂತೆ.

ನಾಳೆ ಇಲಾಖೆಯ ಇನ್ಸ್‌ಪೆಕ್ಟರು ಬರುತ್ತಾರೆ,
ಎಲ್ಲವನ್ನೂ ತೂಗಿ ನೋಡಿ ಮುದ್ರೆ ಹಾಕಲು.
ಟವೆಲ್ ತೆಗೆಯಲೇಬೇಕಾಗುತ್ತದೆ.