ಮೂರನೇ ಕಿಟಕಿಯಿಂದ

ಬುದವಂತಿ ತಾಂಡೇಲ, ಐವತ್ತೆರಡು, ಬೈತಖೋಲ.
ಕಾರ್ಡು ಇದೆ, ಪ್ಲಾಸ್ಟಿಕ್ ಕವರಿನೊಳಗೆ,
ಕವರಿಗೆ ಎರಡು ಮೀನಿನ ಹುರುಪೆ ಅಂಟಿವೆ.
ಹೆಬ್ಬೆಟ್ಟು ಒತ್ತಿ ಅಂದೆ. ಒತ್ತಿದಳು.
ಯಂತ್ರ ಕೆಂಪಾಯಿತು.
ಒರೆಸಿ ಒತ್ತಿ ಅಂದೆ. ಸೆರಗಿಗೆ ಒರೆಸಿ ಒತ್ತಿದಳು.
ಕೆಂಪು.
ಮೂವತ್ತು ವರ್ಷ ಐಸು, ಉಪ್ಪು, ಪೇಡಿಯ ಮುಳ್ಳು
ತಿಂದುಹಾಕಿದ ಬೆರಳಲ್ಲಿ ಗೆರೆ ಎಲ್ಲಿಯದು?
"ಭಾನುವಾರ ನಿನ್ನ ಚೀಲಕ್ಕೆ ಒಂದು ಹೆಚ್ಚಿಗೆ ಹಾಕುವವಳು
ನಾನೇ ಅಲ್ಲವಾ ಬಾಬಾ?
ನಿನಗೆ ಗುರುತಿದೆಯಲ್ಲ, ಅದಕ್ಕೆ ಹೇಳು."
ಹೇಳುವ ಗುಂಡಿ ಕೀಲಿಮಣೆಯಲ್ಲಿ ಇಲ್ಲ.

ಮೊದಲು ಕಂಡದ್ದು ಚೌತಿಯ ಮರುದಿನ.
ಸೋಲಕಡಿಯ ಬಣ್ಣ ಇರಬೇಕು ಎಂದು ನೀರು ಸುರಿದಳು.
ಎರಡನೇ ಸಲ ಸೋಲಕಡಿ ಕುಡಿದಿರಲಿಲ್ಲ.
ಮೂಲವ್ಯಾಧಿ, ಎಂದಳು ಪಕ್ಕದ ಬುಟ್ಟಿಯವಳು.
ಮೂಲವ್ಯಾಧಿ, ಎಂದ ಔಷಧಿ ಅಂಗಡಿಯವ, ಮುಲಾಮು ಕೊಟ್ಟ.
ಮೂಲವ್ಯಾಧಿ, ಎಂದರು ಎಳೆಯ ಡಾಕ್ಟರು;
ಇವಳೂ ಸೀರೆ ಸರಿಸಲಿಲ್ಲ, ಅವರೂ ಗ್ಲೌಸು ತೊಡಲಿಲ್ಲ,
ಇಬ್ಬರ ನಾಚಿಕೆಗೂ ಸೇರಿ ಒಂದೇ ಚೀಟಿ.
ಮೈಯಲ್ಲಿ ರಕ್ತ ಕಡಿಮೆ ಎಂದು ಕಬ್ಬಿಣದ ಮಾತ್ರೆ.
ಮಾತ್ರೆಗೆ ಎಲ್ಲ ಕಪ್ಪಾಯಿತು.
ಕಪ್ಪಿನಲ್ಲಿ ಕೆಂಪನ್ನು ಯಾರು ಹುಡುಕುತ್ತಾರೆ?

ಒಳಗೆ ಕ್ಯಾಮೆರಾ ಬಿಟ್ಟು ನೋಡಬೇಕು ಎಂದು
ಬರೆದವರು ಐದನೆಯ ಡಾಕ್ಟರು.
ಅದು ಇಲ್ಲಿ ಆಗುವುದಿಲ್ಲ. ಹುಬ್ಬಳ್ಳಿ.
ಗೋವಾ ಹತ್ತಿರ, ಆದರೆ ಕಾರ್ಡು ಗಡಿಯ ಈಚೆಯದು.
ನಾನು ವಿವರಿಸಿದೆ, ನನಗೆ ಬರೆದುಕೊಟ್ಟ ಹಾಗೆ:
ರೋಗಕ್ಕೆ ದುಡ್ಡಿದೆ, ರೋಗ ಹುಡುಕುವುದಕ್ಕೆ ಇಲ್ಲ.
ಇದೆ ಎಂದು ವರದಿ ತನ್ನಿ, ಲಕ್ಷವಾದರೂ ಉಚಿತ.
ವರದಿಗೆ?
ಅದು ನೀವೇ.
ಅವಳು ನಕ್ಕಳು. ನಿಜಕ್ಕೂ ನಕ್ಕಳು.
"ಕಿವಿರು ಎತ್ತಿ ತೋರಿಸದೆ ನಾನು
ಒಂದು ಬಂಗಡೆ ಮಾರಿದ್ದಿಲ್ಲ."

ಬೋಟು ದಡದಲ್ಲಿದ್ದಾಗ ದುಡ್ಡಿಲ್ಲ,
ಬೋಟು ಕಡಲಲ್ಲಿದ್ದಾಗ ಪುರಸೊತ್ತಿಲ್ಲ.
ಕೊನೆಗೆ ಚೀಟಿ ಎತ್ತಿ ಹೊರಟಳು.
ಹಿಂದಿನ ರಾತ್ರಿ, ಮತ್ತೆ ನಸುಕಿಗೆ,
ಎರಡೆರಡು ತಂಬಿಗೆ ಔಷಧಿ ನೀರು ಕುಡಿದು
ಹೊಟ್ಟೆ ತೊಳೆದುಕೊಂಡು ಬರಬೇಕು ಎಂದಿತ್ತು.
ಆ ಸೂಚನೆ ಬರೆದವರ ಮನೆ
ಆಸ್ಪತ್ರೆಯ ಹಿಂದಿನ ಬೀದಿಯಲ್ಲೇ ಇರಬೇಕು.
ಅರಬೈಲ್ ಘಾಟಿಯಲ್ಲಿ
ಎರಡು ಸಲ ಕಂಡಕ್ಟರನನ್ನು ಬೇಡಿ ಇಳಿದಳು.
ಮೂರನೇ ಸಲ ಬೇಡಲಿಲ್ಲ.
ಯಲ್ಲಾಪುರದ ನಿಲ್ದಾಣದ ನಲ್ಲಿಯಲ್ಲಿ ಸೀರೆ ಹಿಂಡಿ,
ಕಾರವಾರದ ಬಸ್ಸು ಹತ್ತಿದಳು.
ಇದನ್ನು ಹೇಳಿದ್ದು ಅವಳಲ್ಲ, ಮಗಳು,
ಕಿಟಕಿಯ ಸರಳಿಗೆ ಮುಖ ಒತ್ತಿ,
ನನಗೆ ಮಾತ್ರ ಕೇಳುವಷ್ಟು.

ಮತ್ತೆ ನಾಲ್ಕು ತಿಂಗಳು.
ವರದಿ ಬರುವ ಹೊತ್ತಿಗೆ ಅದು ಲಿವರಿಗೆ ದಾಟಿತ್ತು.
ಬೆರಳಿನ ಬದಲು ಕಣ್ಣು ತೋರಿಸಿದಳು,
ಮಧ್ಯಾಹ್ನದೊಳಗೆ ಅನುಮೋದನೆ ಬಂತು.
ಇಷ್ಟು ಬೇಗ ಬಂದದ್ದನ್ನು ನಾನು ಕಂಡಿರಲಿಲ್ಲ.
ಖುಷಿಯಾಯಿತು, ಒಂದು ಕ್ಷಣ,
ಆ ಖುಷಿಯನ್ನು ಎಲ್ಲಿಡುವುದೋ ತಿಳಿಯಲಿಲ್ಲ.

ಈಗ ಅವಳು ಐಸು ಮುಟ್ಟುವ ಹಾಗಿಲ್ಲ.
ಔಷಧಿ ಹಾಗಂತೆ, ತಣ್ಣಗಿನದು ತಗುಲಿದರೆ
ಬೆರಳಿಗೆ ಕರೆಂಟು ಹೊಡೆಯುತ್ತದಂತೆ.
ಮಗಳು ಮಾರುತ್ತಾಳೆ, ಇವಳು ಹಿಂದೆ
ಡಬ್ಬದ ಮೇಲೆ ಕೂತು ದರ ಹೇಳುತ್ತಾಳೆ.
ಮೊನ್ನೆ ಮುಂದಿನ ಕಂತಿನ ಕಾಗದಕ್ಕೆ ಬಂದಳು.
ಕಣ್ಣಿನ ಯಂತ್ರ ಕೆಟ್ಟಿತ್ತು.
ಅಭ್ಯಾಸಕ್ಕೆ ಸೆರಗಿಗೆ ಒರೆಸಿ
ಹೆಬ್ಬೆಟ್ಟು ಒತ್ತಿದಳು.
ಒಂದೇ ಸಲಕ್ಕೆ ಹಸಿರು.
ಐದು ತಿಂಗಳು ಕೆಲಸ ಬಿಟ್ಟ ಬೆರಳು,
ಗೆರೆ ಮತ್ತೆ ಮೂಡಿದೆ, ಎಳೆಗೂಸಿನದರ ಹಾಗೆ.
ತಿರುಗಿಸಿ ತಿರುಗಿಸಿ ನೋಡಿಕೊಂಡಳು.
"ಈಗ ಗುರುತು ಹತ್ತಿತಾ?" ಎಂದಳು,
ಯಂತ್ರಕ್ಕೋ, ನನಗೋ.
ಸಾಲಿನಲ್ಲಿ ಯಾರೋ ಕೆಮ್ಮಿದರು.
ಮುಂದಿನವರು ಬನ್ನಿ, ಅಂದೆ.